ಹಳೆಯ ಕಾರಿಗೆ ಯಾವ ಎಣ್ಣೆ? ‘ಹೈ ಮೈಲೇಜ್’ ಎಂಬ ಹೆಸರಿನ ಹಿಂದಿನ ಲೆಕ್ಕ

ಮಾರ್ಚ್ ಅಂತ್ಯದ ಲೆಕ್ಕಪತ್ರಗಳನ್ನು ಹೊಂದಿಸುವ ಗಡಿಬಿಡಿಯಲ್ಲಿದ್ದಾಗ, ನಮ್ಮ ಸಂಸ್ಥೆಯ ಹಿರಿಯ ಸದಸ್ಯರೂ ಹತ್ತಿಯ ವ್ಯಾಪಾರಸ್ಥರೂ ಆದ ಹುಬ್ಬಳ್ಳಿಯ ಮಿತ್ರರೊಬ್ಬರು ವಾಹನ ನಿರ್ವಹಣೆಯ ಬಿಲ್ಲುಗಳ ಕಟ್ಟೊಂದನ್ನು ನನ್ನ ಮೇಜಿನ ಮೇಲಿರಿಸಿದರು. ಅವುಗಳಲ್ಲಿ ಇಂಜಿನ್ ಆಯಿಲ್‌ನ ಒಂದು ಬಿಲ್ಲು ಗಮನ ಸೆಳೆಯಿತು. ಲೀಟರಿಗೆ 1,300 ರೂಪಾಯಿ! “ಇದೇನ್ರೀ ಸಾವಕಾರ್ರ, ಎಣ್ಣೀಗೆ ಇಷ್ಟು ರೊಕ್ಕ?” ಎಂದು ಕೇಳಿದೆ. “ಅದು ಹೈ ಮೈಲೇಜ್ ಎಣ್ಣಿ ಐತ್ರಿ. ಲೀಟರ್ ಪೆಟ್ರೋಲಿಗೆ ಎರಡು ಕಿಲೋಮೀಟರ್ ಜಾಸ್ತಿ ಬರ್ತೈತಿ ಅಂತ ಅಂಗಡಿಯಾಂವ ಹೇಳ್ಯಾನ” ಎಂದು ಅವರು ಉತ್ತರಿಸಿದರು. ಆ ಉತ್ತರವೇ ಈ ಲೇಖನಕ್ಕೆ ಪ್ರೇರಣೆ.

ನಮ್ಮಲ್ಲಿ ‘ಮೈಲೇಜ್’ ಎಂದರೆ ಒಂದು ಲೀಟರ್ ಇಂಧನಕ್ಕೆ ವಾಹನವು ಕ್ರಮಿಸುವ ದೂರ. ಅಮೆರಿಕದಲ್ಲಿ, ಅಂದರೆ ಈ ಬಗೆಯ ಎಣ್ಣೆ ಹುಟ್ಟಿದ ದೇಶದಲ್ಲಿ, ಅದೇ ಪದಕ್ಕೆ ವಾಹನವು ಈವರೆಗೆ ಓಡಿರುವ ಒಟ್ಟು ದೂರ ಎಂಬ ಅರ್ಥವೂ ಇದೆ. ವ್ಯಾಲ್ವೊಲಿನ್ ಕಂಪನಿಯು 2000ದಲ್ಲಿ ಮ್ಯಾಕ್ಸ್‌ಲೈಫ್ ಎಂಬ ಹೆಸರಿನಲ್ಲಿ ಇಂತಹ ಎಣ್ಣೆಯನ್ನು ಮಾರುಕಟ್ಟೆಗೆ ತಂದಾಗ, 75,000 ಮೈಲಿಗಿಂತ, ಎಂದರೆ ಸುಮಾರು 1,20,000 ಕಿಲೋಮೀಟರಿಗಿಂತ ಹೆಚ್ಚು ಓಡಿದ ಕಾರುಗಳನ್ನು ಅದು ಉದ್ದೇಶಿಸಿತ್ತು. ಬಹಳ ಓಡಿದ ಗಾಡಿಯ ಎಣ್ಣೆ ಎಂಬುದೇ ಆ ಹೆಸರಿನ ತಾತ್ಪರ್ಯ. ಇಂಧನ ಉಳಿತಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅಷ್ಟೇ ಅಲ್ಲ, ಈ ಎಣ್ಣೆಗಳನ್ನು ಸಾಮಾನ್ಯವಾಗಿ ತಮ್ಮ ದರ್ಜೆಯೊಳಗೆ ತುಸು ಗಟ್ಟಿಯಾಗಿಯೇ ತಯಾರಿಸುವುದರಿಂದ, ಇಂಧನ ಉಳಿತಾಯದ ನಿರೀಕ್ಷೆಯೇ ತಲೆಕೆಳಗಾದದ್ದು.

ಹಾಗಾದರೆ ಅದರಲ್ಲಿರುವ ವಿಶೇಷವೇನು? ಇಂಜಿನ್ನಿನ ಆಯಿಲ್ ಸೀಲುಗಳು ರಬ್ಬರಿನಿಂದಾದವು. ವರ್ಷಗಟ್ಟಲೆ ಶಾಖಕ್ಕೆ ಸಿಲುಕಿ ಅವು ಗಡಸಾಗಿ ಕುಗ್ಗುತ್ತವೆ, ಎಣ್ಣೆ ಜಿನುಗಲಾರಂಭಿಸುತ್ತದೆ. ಹೈ ಮೈಲೇಜ್ ಎಣ್ಣೆಯಲ್ಲಿ ಸೀಲನ್ನು ಮೆದುಗೊಳಿಸಿ ತುಸು ಉಬ್ಬಿಸುವ ಎಸ್ಟರ್‌ನಂತಹ ರಾಸಾಯನಿಕಗಳೂ, ಸಂಗ್ರಹವಾದ ಮಡ್ಡಿಯನ್ನು ಕರಗಿಸುವ ಶುದ್ಧಿಕಾರಕಗಳೂ ಹೆಚ್ಚಿನ ಪ್ರಮಾಣದಲ್ಲಿರುತ್ತವೆ. ಗಡಸಾದ ಸೀಲು ಇದರಿಂದ ಕೊಂಚ ಚೇತರಿಸಿಕೊಳ್ಳಬಹುದು. ಹರಿದ ಸೀಲು, ಸವೆದ ಪಿಸ್ಟನ್ ರಿಂಗು ಚೇತರಿಸಿಕೊಳ್ಳಲಾರವು. ಡಬ್ಬಿಯ ಮೇಲಿನ ಚಿತ್ರವನ್ನು ನೋಡುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಇನ್ನೊಂದು ಗೊಂದಲವೂ ಇದೆ. ‘ಹೈ ಮೈಲೇಜ್’ ಮತ್ತು ‘ಸಿಂಥೆಟಿಕ್’ ಪರಸ್ಪರ ವಿರುದ್ಧವಾದ ಎರಡು ಜಾತಿಗಳಲ್ಲ. ಹೈ ಮೈಲೇಜ್ ಎಣ್ಣೆ ಖನಿಜ ಮೂಲದಲ್ಲಿಯೂ, ಮಿಶ್ರ ರೂಪದಲ್ಲಿಯೂ, ಪೂರ್ಣ ಸಿಂಥೆಟಿಕ್ ರೂಪದಲ್ಲಿಯೂ ದೊರೆಯುತ್ತದೆ. ಇನ್ನು ‘ಸಿಂಥೆಟಿಕ್’ ಎಂಬ ಪದವೂ ನಾವು ಭಾವಿಸುವಷ್ಟು ಖಚಿತವಲ್ಲ. ಕಚ್ಚಾತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆದ ಮೂರನೆಯ ಗುಂಪಿನ ಮೂಲತೈಲವನ್ನು ಆ ಹೆಸರಿನಲ್ಲಿ ಮಾರಬಹುದೇ ಎಂಬ ಬಗ್ಗೆ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ವಿವಾದವೆದ್ದಾಗ, ಅಲ್ಲಿನ ಜಾಹೀರಾತು ಪರಿಶೀಲನಾ ವಿಭಾಗವು 1999ರಲ್ಲಿ ಮಾರಬಹುದೆಂದೇ ತೀರ್ಮಾನಿಸಿತು. ಲೆಕ್ಕಶಾಸ್ತ್ರದಲ್ಲಿ ವ್ಯಾಖ್ಯೆ ಬದಲಾದರೆ ಲಾಭವೇ ಬದಲಾಗುವುದನ್ನು ಕಂಡ ನನ್ನಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಸಿಂಥೆಟಿಕ್ ಎಣ್ಣೆಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಅದು ಶಾಖಕ್ಕೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಕೊರೆಯುವ ಚಳಿಯಲ್ಲಿ ಸರಾಗವಾಗಿ ಹರಿಯುವುದು ಅದರ ಮತ್ತೊಂದು ಹೆಗ್ಗಳಿಕೆಯಾದರೂ, ಡಿಸೆಂಬರಿನ ಮುಂಜಾವಿನಲ್ಲಿಯೂ ನೀರು ಹೆಪ್ಪುಗಟ್ಟದ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯ ಅಷ್ಟಾಗಿಲ್ಲ. ಹಳೆಯ ಕಾರಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಗ್ಯಾರೇಜಿನ ಮಾತು ಹಿಂದಿನ ತಲೆಮಾರಿನ ಎಣ್ಣೆಗಳ ಮಟ್ಟಿಗೆ ನಿಜವಿದ್ದಿರಬಹುದು. ಇಂದಿನವು ಸೀಲುಗಳಿಗೆ ಹೊಂದುವಂತೆ ತಯಾರಾಗುತ್ತವೆ. ಮೊದಲೇ ಬಿರುಕು ಬಿಟ್ಟು, ಮಡ್ಡಿಯಿಂದ ಮುಚ್ಚಿಹೋಗಿದ್ದ ಸೀಲು ಶುದ್ಧಗೊಂಡಾಗ ತನ್ನ ನಿಜರೂಪ ತೋರಿಸುತ್ತದೆ, ಅಷ್ಟೆ.

ಈಗ ಅಂಕಿಗಳಿಗೆ ಬರೋಣ. ನನ್ನ ಬಳಿಯಿರುವ 2005ರ ಪೆಟ್ರೋಲ್ ಕಾರು 1,40,000 ಕಿಲೋಮೀಟರ್ ದಾಟಿದೆ. ವರ್ಷಕ್ಕೆ ಸುಮಾರು 8,000 ಕಿಲೋಮೀಟರ್ ಓಡುತ್ತದೆ. ಒಮ್ಮೆಗೆ ಮೂರೂವರೆ ಲೀಟರ್ ಎಣ್ಣೆ ಹಿಡಿಯುತ್ತದೆ. ನಾನು ವಿಚಾರಿಸಿದ ಅಂಗಡಿಯಲ್ಲಿ ಖನಿಜ ಎಣ್ಣೆಗೆ ಲೀಟರಿಗೆ 400, ಸಾಮಾನ್ಯ ಸಿಂಥೆಟಿಕ್‌ಗೆ 850, ಮಿತ್ರರು ಕೊಂಡ ಹೈ ಮೈಲೇಜ್ ಸಿಂಥೆಟಿಕ್‌ಗೆ 1,300 ರೂಪಾಯಿ. ಇವೆಲ್ಲವೂ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಸೇರಿದ ದರಗಳು. ಫಿಲ್ಟರಿಗೆ 200. ಖನಿಜ ಎಣ್ಣೆಯನ್ನು 5,000 ಕಿಲೋಮೀಟರಿಗೆ, ಸಿಂಥೆಟಿಕ್ಕನ್ನು 10,000ಕ್ಕೆ ಬದಲಿಸುವುದಾದರೆ (ಕಾರಿನ ಕೈಪಿಡಿ ಅನುಮತಿಸಿದಲ್ಲಿ ಮಾತ್ರ), ಕಿಲೋಮೀಟರಿಗೆ ಕ್ರಮವಾಗಿ 32 ಪೈಸೆ ಮತ್ತು ಸುಮಾರು ಅಷ್ಟೇ ಪೈಸೆ ಬೀಳುತ್ತದೆ. ವೆಚ್ಚ ಸಮನಾಗಿರುವಾಗ ಉತ್ತಮ ಎಣ್ಣೆಯನ್ನೇ ಆರಿಸುವುದು ಸಹಜ. ಸೋರದ, ಹೊಗೆಯುಗುಳದ ಹಳೆಯ ಕಾರಿಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಸಾಮಾನ್ಯ ಸಿಂಥೆಟಿಕ್ ಸಾಕೆಂಬುದು ಆದ್ದರಿಂದಲೇ ನನ್ನ ಅಭಿಪ್ರಾಯ. ಓಡಿದ ದೂರವೊಂದನ್ನೇ ನೋಡಿ ದುಬಾರಿ ಡಬ್ಬಿಯನ್ನು ಕೊಳ್ಳಬೇಕಾಗಿಲ್ಲ.

ಎಣ್ಣೆ ಕುಡಿಯುವ ಕಾರಿನ ಲೆಕ್ಕವೇ ಬೇರೆ. 2,000 ಕಿಲೋಮೀಟರಿಗೆ ಒಂದು ಲೀಟರ್ ಮೇಲುಭರ್ತಿ ಬೇಕಾಗುವುದೆಂದು ಇಟ್ಟುಕೊಳ್ಳಿ. ಆಗ ಖನಿಜ ಎಣ್ಣೆಗೆ ಕಿಲೋಮೀಟರಿಗೆ 48 ಪೈಸೆ, ಸಾಮಾನ್ಯ ಸಿಂಥೆಟಿಕ್‌ಗೆ ಸುಮಾರು 66 ಪೈಸೆ. ಹೈ ಮೈಲೇಜ್ ಎಣ್ಣೆಯು ಈ ನಷ್ಟವನ್ನು ಅರ್ಧಕ್ಕೆ ಇಳಿಸಿದರೂ 73 ಪೈಸೆಗೂ ಮೇಲೆ. ಸೋರಿಕೆಯನ್ನು ಅದು ಪೂರ್ತಿಯಾಗಿ ನಿಲ್ಲಿಸಿದರೆ ಮಾತ್ರ 47.5 ಪೈಸೆಗೆ ಇಳಿದು ಖನಿಜ ಎಣ್ಣೆಗೆ ಸರಿಸಮವಾಗುತ್ತದೆ. ವರ್ಷದ ವ್ಯತ್ಯಾಸ ಎರಡು ಸಾವಿರ ರೂಪಾಯಿಯ ಆಸುಪಾಸಿನದು; ಅದು ದೊಡ್ಡ ಮೊತ್ತವಲ್ಲ ಎನ್ನುವವರಿದ್ದಾರೆ. ಆದರೆ ಆ ಹಣ ಕೊಟ್ಟು ಅವರು ಕೊಳ್ಳುವುದು ಎಣ್ಣೆಗಿಂತ ಹೆಚ್ಚಾಗಿ ಒಂದು ಸಮಾಧಾನವನ್ನು, ಮತ್ತು ಅಪಾಯವಿರುವುದು ಅಲ್ಲಿಯೇ.

ನನ್ನ ಮಿತ್ರರ ವಿಷಯದಲ್ಲಿ ನಡೆದದ್ದೂ ಅದೇ. ದುಬಾರಿ ಎಣ್ಣೆ ಹಾಕಿಸಿದ್ದೇನೆಂಬ ನೆಮ್ಮದಿಯಲ್ಲಿ ಅವರು ನಾಲ್ಕು ತಿಂಗಳು ಡಿಪ್‌ಸ್ಟಿಕ್ ತೆಗೆದು ನೋಡಲಿಲ್ಲ. ದಾವಣಗೆರೆಗೆ ಹೋಗುವಾಗ ಹೆದ್ದಾರಿಯ ಮಧ್ಯೆ ಆಯಿಲ್ ಪ್ರೆಶರ್‌ನ ಕೆಂಪು ದೀಪ ಹೊತ್ತಿತು. ಹೇಗೂ ದಾವಣಗೆರೆ ಸಮೀಪವಿದೆಯೆಂದು ಇನ್ನಷ್ಟು ದೂರ ಓಡಿಸಿದರು. ಬೇರಿಂಗು, ಕ್ರ್ಯಾಂಕು ಕೆಟ್ಟು ಇಂಜಿನ್ ಬಿಚ್ಚಿಸಿದಾಗ ಆದ ಖರ್ಚು 62,000 ರೂಪಾಯಿ. ಐದು ಲಕ್ಷಕ್ಕೆ ಕೊಂಡ ಕಾರಿನ ಪುಸ್ತಕ ಮೌಲ್ಯವು ವಾರ್ಷಿಕ ಶೇ. 15ರ ಸವಕಳಿಯಂತೆ ಹದಿನೈದು ವರ್ಷಗಳ ನಂತರ ಸುಮಾರು 43,700 ರೂಪಾಯಿಗೆ ಇಳಿದಿರುತ್ತದೆ. ಆಸ್ತಿಗಿಂತ ದುರಸ್ತಿಯೇ ದೊಡ್ಡದಾಯಿತು! ಅದರ ಮೇಲೆ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವೂ 2022ರ ಏಪ್ರಿಲ್ 1ರಿಂದ 600ರಿಂದ 5,000 ರೂಪಾಯಿಗೆ ಏರಿದೆ. ಹಳೆಯ ಕಾರನ್ನು ಉಳಿಸಿಕೊಳ್ಳುವುದು ಇನ್ನೂ ಲಾಭದಾಯಕವೇ ಎಂಬ ಪ್ರಶ್ನೆಗೆ ಇಂತಹ ಒಂದೇ ಘಟನೆ ಉತ್ತರವನ್ನು ಬದಲಿಸಿಬಿಡುತ್ತದೆ.

ಆದುದರಿಂದ ಡಬ್ಬಿ ಆರಿಸುವ ಮೊದಲು ಎಣ್ಣೆ ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯತಕ್ಕದ್ದು. ಬೆಳಿಗ್ಗೆ ಚಾಲೂ ಮಾಡಿದೊಡನೆ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲಿನ ದೋಷ. ಇಲ್ಲಿ, ಮತ್ತು ಹೊರಗೆ ಅಲ್ಪಸ್ವಲ್ಪ ಜಿನುಗುವಲ್ಲಿ, ಹೈ ಮೈಲೇಜ್ ಎಣ್ಣೆಯನ್ನು ಒಂದೆರಡು ಸಲ ಪ್ರಯೋಗಿಸಿ, ಮೇಲುಭರ್ತಿಯನ್ನು ಬರೆದಿಟ್ಟು ನೋಡಬಹುದು. ವೇಗ ಹೆಚ್ಚಿಸಿದಾಗಲೆಲ್ಲ ಹೊಗೆ ಬಂದರೆ ರಿಂಗುಗಳನ್ನು ಶಂಕಿಸಿ, ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಯುಕ್ತ. ಅಂತಹ ಇಂಜಿನ್ನಿಗೆ ಅಗ್ಗದ ಎಣ್ಣೆ ಹಾಕಿ ದುರಸ್ತಿಗೆ ಹಣ ಕೂಡಿಡುವುದೇ ಮೇಲು. ಉರಿಯುವ ಎಣ್ಣೆಯಲ್ಲಿರುವ ರಂಜಕವು ಹೊಗೆನಳಿಕೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಗೆಡವುವುದರಿಂದ, ಆ ದುರಸ್ತಿಯನ್ನು ಬಹಳ ಮುಂದೂಡುವಂತೆಯೂ ಇಲ್ಲ.

ಲೂಬ್ರಿಕೆಂಟ್ ಮಾರಾಟದಲ್ಲಿ ತೊಡಗಿರುವ ನಮ್ಮ ಸದಸ್ಯರಲ್ಲಿಯೂ ಒಂದು ವಿನಂತಿಯಿದೆ. ‘ಹೈ ಮೈಲೇಜ್’ ಎಂದರೆ ಪೆಟ್ರೋಲ್ ಉಳಿಯುತ್ತದೆಂದು ಗ್ರಾಹಕನು ತಪ್ಪಾಗಿ ತಿಳಿದಾಗ ತಿದ್ದದೆ ಸುಮ್ಮನಿರುವುದು ಕಾನೂನಿನ ಕಣ್ಣಿಗೆ ಬೀಳದಿರಬಹುದು. ಆದರೆ ಮರುವರ್ಷ ಆ ಗ್ರಾಹಕನೇ ಇನ್ನೊಂದು ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಸಂಸ್ಥೆಯ ವತಿಯಿಂದ ಈ ಕುರಿತು ಕನ್ನಡದಲ್ಲಿ ಒಂದು ಪುಟದ ಮಾಹಿತಿಪತ್ರವನ್ನು ಮುದ್ರಿಸಿ ಅಂಗಡಿಗಳಿಗೆ ಹಂಚಿದರೆ ಹೇಗೆ ಎಂದು ಕಾರ್ಯಕಾರಿ ಸಮಿತಿಯು ಪರಿಶೀಲಿಸಲಿ.

ನನ್ನ ಕಾರಿಗಂತೂ ಸಾಮಾನ್ಯ ಸಿಂಥೆಟಿಕ್ ಹಾಕಿಸಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡಿ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತೇನೆ. ಕಳೆದ 3,000 ಕಿಲೋಮೀಟರಿಗೆ ಅರ್ಧ ಲೀಟರ್ ಕಡಿಮೆಯಾಗಿದೆ. ಮುಂದಿನ ಬದಲಾವಣೆಯ ಹೊತ್ತಿಗೆ ಅದು ಒಂದೂವರೆ ಲೀಟರ್ ಮೀರಿದರೆ ವಾಲ್ವ್ ಸೀಲುಗಳನ್ನು ಬದಲಿಸಲು ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.