ರ‍್ಯಾಂಕಿನಾಚೆಗೂ ಮಕ್ಕಳಿಗೊಂದು ಗುರುತಿರಲಿ

ಗಿಂಡಿಯ ಸುತ್ತ ಓದುವ ಮಕ್ಕಳದ್ದೇ ಒಂದು ಊರಿದೆ. 1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾದ ಗಿಂಡಿ ಎಂಜಿನಿಯರಿಂಗ್ ಕಾಲೇಜು ಈಗ ಅಣ್ಣಾ ವಿಶ್ವವಿದ್ಯಾಲಯದ ಭಾಗ. ಅದೇ ಸರ್ದಾರ್ ಪಟೇಲ್ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ಐಐಟಿ ಮದ್ರಾಸ್ ಇದೆ. ಈ ಭಾಗದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಜುಲೈ, ಆಗಸ್ಟ್ ಬಂತೆಂದರೆ ಊರಿನಿಂದ ಫೋನು: 'ನಮ್ಮ ಹುಡುಗ ಚೆನ್ನೈಗೆ ಸೇರಿದಾನೆ, ಸ್ವಲ್ಪ ನೋಡ್ಕೊಳ್ಳಿ.' ರೂಮು, ಊಟ, ಬಸ್ಸು ತೋರಿಸಿದರೆ ನೋಡಿಕೊಂಡಂತೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ.

ಶಿರಸಿ ಕಡೆಯ ಹುಡುಗನೊಬ್ಬ ಒಮ್ಮೆ ಹೇಳಿದ: 'ಅಣ್ಣ, ಊರಲ್ಲಿ ಎಲ್ಲರೂ ನನ್ನನ್ನ ಟಾಪರ್ ಅಂತಲೇ ಕರೀತಿದ್ರು. ಇಲ್ಲಿ ಕ್ಲಾಸಲ್ಲಿರೋರೆಲ್ಲ ಟಾಪರ್‌ಗಳೇ. ಹಾಗಾದ್ರೆ ನಾನ್ಯಾರು?' ಅವನನ್ನು ಕಾಡುತ್ತಿದ್ದುದು ಪಾಠದ ಕಷ್ಟವಲ್ಲ. ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ ಮನೆ, ಶಾಲೆ, ಕೋಚಿಂಗ್ ಎಲ್ಲವೂ ಸೇರಿ ಅವನಿಗೆ ಕೊಟ್ಟಿದ್ದ ಒಂದೇ ಒಂದು ಗುರುತು ಮೊದಲ ಸೆಮಿಸ್ಟರಿನಲ್ಲೇ ಕಳಚಿಬಿದ್ದಿತ್ತು.

ಹರೆಯದವರ ದೊಡ್ಡ ಕೆಲಸವೇ 'ನಾನು ಯಾರು' ಎಂದು ಹುಡುಕಿಕೊಳ್ಳುವುದು ಎಂದವರು ಮನೋವಿಜ್ಞಾನಿ ಎರಿಕ್ ಎರಿಕ್‌ಸನ್. ಜರ್ಮನಿಯಲ್ಲಿ ಹುಟ್ಟಿ 1933ರಲ್ಲಿ ಅಮೆರಿಕಕ್ಕೆ ಹೋದ ಅವರೂ ವಲಸಿಗರೇ. ಅವರ ವಿಚಾರವನ್ನು 1966ರಲ್ಲಿ ಮುಂದುವರಿಸಿದ ಜೇಮ್ಸ್ ಮಾರ್ಸಿಯಾ, ಹುಡುಕಾಟವೇ ನಡೆಸದೆ ಹಿರಿಯರು ಕೊಟ್ಟ ಗುರುತನ್ನು ಹಾಗೇ ಒಪ್ಪಿಕೊಳ್ಳುವ ಸ್ಥಿತಿಯನ್ನೂ ಗುರುತಿಸಿದರು. ಮೇಲ್ನೋಟಕ್ಕೆ ಅಂಥ ಮಕ್ಕಳು ಗಟ್ಟಿಯಾಗಿಯೇ ಕಾಣುತ್ತಾರೆ. ಪೆಟ್ಟು ಬಿದ್ದಾಗ ಆತುಕೊಳ್ಳಲು ಮಾತ್ರ ಬೇರೇನೂ ಇರುವುದಿಲ್ಲ.

ಇದು ಒಂದಿಬ್ಬರ ಮನೆಯ ಚಿಂತೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಕಾರಣಗಳು ಹಲವು: ಬಡತನ, ಜಾತಿ ನಿಂದನೆ, ಕಾಯಿಲೆ, ಪರೀಕ್ಷೆ. ಎಲ್ಲವನ್ನೂ ಒಂದೇ ಸೂತ್ರಕ್ಕೆ ಕಟ್ಟುವುದು ತಪ್ಪು. ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ನೇತೃತ್ವದಲ್ಲಿ ಕಾರ್ಯಪಡೆ ರಚಿಸಿದ್ದು ಈ ಸಮಸ್ಯೆ ಎಷ್ಟು ಗಂಭೀರ ಎಂಬುದಕ್ಕೆ ಸಾಕ್ಷಿ. ಆದರೆ ಅಂಕ ಕಡಿಮೆಯಾದ ದಿನವೂ 'ನನ್ನಿಂದ ಇನ್ನೇನೋ ಆಗುತ್ತದೆ, ನಾನು ಬೇಕಾದವನು' ಎನ್ನುವ ನಂಬಿಕೆ ಮಗುವಿಗೆ ಇರುವಂತೆ ಮಾಡಲು ಕೋರ್ಟಿನ ಆದೇಶಕ್ಕೆ ಕಾಯಬೇಕಿಲ್ಲ.

ಹೊರನಾಡಿನ ಕನ್ನಡಿಗರ ಪಾತ್ರ ಇಲ್ಲೇ ಇದೆ. ಕನ್ನಡದ ಗುಂಪಿಗೆ ಸೇರಿಸಿದರೆ ಹುಡುಗ ಇಲ್ಲಿ ಬೆರೆಯುವುದಿಲ್ಲ, ತಮಿಳು ಕಲಿಯುವುದಿಲ್ಲ ಎಂದು ಕೆಲವು ಗೆಳೆಯರ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ. 'ನಮ್ಮವರು' ಎಂಬುದೂ ರ‍್ಯಾಂಕಿನಂತೆಯೇ ಒಂಟಿ ಗುರುತಾದರೆ ಅದೂ ಪಂಜರವೇ. ನಾನು ಕೇಳುತ್ತಿರುವುದು ಅಭಿಮಾನದ ಪಾಠವಲ್ಲ, ರ‍್ಯಾಂಕ್ ಕೇಳದ ಒಂದು ಮನೆ. ತಿಂಗಳಿಗೊಂದು ಭಾನುವಾರ ಊಟಕ್ಕೆ ಕರೆಯಿರಿ. ಸಿಜಿಪಿಎ, ಪ್ಲೇಸ್‌ಮೆಂಟ್ ಮಾತು ಬಿಡಿ. ಯಕ್ಷಗಾನ ಬರುತ್ತದಾ, ಅಡುಗೆ ಮಾಡ್ತೀಯಾ, ನಿನ್ನ ತಮಿಳು ಗೆಳೆಯನನ್ನೂ ಕರ್ಕೊಂಡು ಬಾ ಎನ್ನಿ. ತೀರಾ ಆತ್ಮೀಯವಾದ ಸಂಕಟವನ್ನು ಆಡಿಕೊಳ್ಳಲು ಮನೆಮಾತು ಒದಗುವಷ್ಟು ಇಂಗ್ಲಿಷ್ ಒದಗುವುದಿಲ್ಲ.

ಊಟ, ಮಾತು ಚಿಕಿತ್ಸೆಗೆ ಬದಲಿಯಲ್ಲ. ನಿದ್ದೆ ಬಿಟ್ಟ, ಎಲ್ಲರಿಂದ ದೂರ ಸರಿದ, ಬದುಕೇ ಬೇಡ ಎಂದ ಹುಡುಗನಿಗೆ 'ಧೈರ್ಯವಾಗಿರು' ಎಂದು ಬುದ್ಧಿ ಹೇಳಿ ಕಳಿಸಬಾರದು. ಒಬ್ಬನನ್ನೇ ಬಿಡದೆ ವೈದ್ಯರ ಬಳಿ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿ ಉಚಿತ. ಅದರ ರಾಷ್ಟ್ರೀಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೂ ಮಾತಾಡಬಹುದು.

ಊರಿನ ಅಪ್ಪ ಅಮ್ಮಂದಿರಲ್ಲಿ ಒಂದೇ ಕೋರಿಕೆ. ಇಂದು ರಾತ್ರಿ ಮಗ ಅಥವಾ ಮಗಳಿಗೆ ಫೋನ್ ಮಾಡಿದಾಗ ಪರೀಕ್ಷೆಯ ವಿಷಯ ಕೊನೆಗಿರಲಿ. ಮೊದಲು ಅವರ ದಿನ ಹೇಗಿತ್ತು ಎಂದು ಕೇಳಿ. ಉತ್ತರ ಬರುವವರೆಗೂ ಕಾಯಿರಿ.