ಹೆಸರಿಲ್ಲದ ಮಿತ್ರನಿಗೆ ಹೆಸರಿಡುವ ಕೆಲಸ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಪೀಡೆ ಹತೋಟಿಯ ವಿಚಾರಕ್ಕೂ ಒಪ್ಪುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಹತ್ತಿ, ಗೋವಿನಜೋಳ, ಕಡಲೆ, ಕಬ್ಬು ಬೆಳೆಯುವ ಅನೇಕ ರೈತ ಬಾಂಧವರು ಹುಳು ಕಂಡೊಡನೆ ಎಣ್ಣೆ ಹೊಡೆಯಲು ಮುಂದಾಗುತ್ತಾರೆ. ಆದರೆ ಅದೇ ಹುಳುವಿನ ಮೊಟ್ಟೆಯಲ್ಲಿ, ಮೈಯಲ್ಲಿ ಸೇರಿಕೊಂಡು ಅದನ್ನು ಒಳಗಿನಿಂದಲೇ ತಿಂದು ಮುಗಿಸುವ ಪರಾವಲಂಬಿ ಕಣಜಗಳು ನಮ್ಮ ಹೊಲದಲ್ಲಿಯೇ ಇರುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ಜೀವಿಗಳು ಕಣ್ಣಿಗೆ ಬೀಳುವುದು ಅಪರೂಪ. ಎಷ್ಟೋ ಬಗೆಗಳಿಗೆ ಇನ್ನೂ ಹೆಸರೇ ಇಟ್ಟಿಲ್ಲ.

ಹೊಸ ಕಣಜವೊಂದನ್ನು ಗುರುತಿಸಿ, ವರ್ಣಿಸಿ, ಹೆಸರಿಡುವುದು ಪಂಡಿತರ ಕಾಲಹರಣ ಎಂದು ಭಾವಿಸುವವರು ಇದ್ದಾರೆ. ಹೊಲದಲ್ಲಿ ಹುಳು ಮೇಯುತ್ತಿರುವಾಗ ಹೆಸರು ಕಟ್ಟಿಕೊಂಡು ಏನು ಮಾಡುವುದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ ಎಂಬುದನ್ನು ನಾವು ಮನಗಾಣಬೇಕು.

ಹೆಸರು ತಪ್ಪಿದಾಗ ಏನಾಯಿತು?

1970ರ ದಶಕದಲ್ಲಿ ಆಫ್ರಿಕಾದ ಮರಗೆಣಸಿನ ಬೆಳೆಗೆ ಹಿಟ್ಟು ತಿಗಣೆ ಬಿದ್ದು ಜನರ ಊಟಕ್ಕೇ ಸಂಚಕಾರ ಬಂದಿತು. ತಿಗಣೆಯ ಮೂಲ ದಕ್ಷಿಣ ಅಮೆರಿಕ ಎಂದು ತಿಳಿದು, ಅದರ ಶತ್ರುಗಳನ್ನು ಅಲ್ಲಿ ಹುಡುಕಿದರು. ಮೊದಲು ಉತ್ತರ ಭಾಗದಲ್ಲಿ ದೊರೆತ ಕಣಜಗಳು ಆಫ್ರಿಕಾದ ತಿಗಣೆಯ ಮೇಲೆ ಬದುಕಲಿಲ್ಲ. ಕಾರಣವಿಷ್ಟೆ: ಅವು ಹಿಡಿದಿದ್ದ ತಿಗಣೆ ನೋಡಲು ಒಂದೇ ತರಹ ಇದ್ದರೂ ಬೇರೆ ಪ್ರಭೇದದ್ದಾಗಿತ್ತು. 1981ರಲ್ಲಿ ಪರಾಗ್ವೆಯಲ್ಲಿ ನಿಜವಾದ ತಿಗಣೆಯೂ, ಅದರೊಡನೆ ಅನಾಗೈರಸ್ ಲೋಪೆಜಿ ಎಂಬ ಕಣಜವೂ ಸಿಕ್ಕಿದವು. ಆ ಕಣಜ ಆಫ್ರಿಕಾದ ಬೆಳೆಯನ್ನು ಉಳಿಸಿತು. ಇದೇ ತಿಗಣೆ 2020ರಲ್ಲಿ ಕೇರಳದಲ್ಲಿ ಕಂಡುಬಂದಾಗ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಹುಡುಕಾಟದಲ್ಲಿ ಕಾಲ ಕಳೆಯಬೇಕಾಗಲಿಲ್ಲ. ಹೆಸರು ಗೊತ್ತಿದ್ದ ಕಣಜವನ್ನು ಆಫ್ರಿಕಾದ ಬೆನಿನ್ ದೇಶದಿಂದ ತರಿಸಿ 2022ರಲ್ಲಿ ತಮಿಳುನಾಡಿನಲ್ಲಿ ಬಿಡುಗಡೆ ಮಾಡಿದರು.

ನಮ್ಮ ರಾಜ್ಯದ ಉದಾಹರಣೆಯೂ ಇದೆ. ಕಬ್ಬಿನ ಕೊರಕಗಳ ಮೊಟ್ಟೆಯನ್ನು ನಾಶಮಾಡುವ ಟ್ರೈಕೋಗ್ರಾಮ ಕಣಜ ಸುಮಾರು ಅರ್ಧ ಮಿಲಿಮೀಟರ್ ಉದ್ದದ್ದು. ನಮ್ಮ ದೇಶದಲ್ಲಿ ಒಂದೇ ಪ್ರಭೇದವನ್ನು ಬಹುಕಾಲ ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಬೆಂಗಳೂರಿನಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ಹತೋಟಿ ಸಂಸ್ಥೆಯ ಕೇಂದ್ರದಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು, ಬಣ್ಣವನ್ನು ನಂಬದೆ ಗಂಡು ಕಣಜದ ಜನನಾಂಗದ ರಚನೆಯಿಂದ ಪ್ರಭೇದಗಳನ್ನು ಬೇರ್ಪಡಿಸಬೇಕೆಂದು 1971ರಲ್ಲಿ ತೋರಿಸಿದರು. 1979ರಲ್ಲಿ ಅವರೇ ಟ್ರೈಕೋಗ್ರಾಮ ಕಿಲೋನಿಸ್ ಎಂಬ ಹೆಸರಿನ ಗೊಂದಲವನ್ನೂ ಬಿಡಿಸಿದರು. ಇಂದು ರೈತರು ಕಬ್ಬಿನ ಎಲೆಗೆ ಸಿಕ್ಕಿಸುವ ಟ್ರೈಕೋಕಾರ್ಡಿನಲ್ಲಿ ಇರುವುದು ಸಾಮಾನ್ಯವಾಗಿ ಇದೇ ಪ್ರಭೇದ. ಆ ಕಾರ್ಡಿನ ಹಿಂದೆ ಸೂಕ್ಷ್ಮದರ್ಶಕದ ಮುಂದೆ ಕುಳಿತವರ ಶ್ರಮ ಇದೆ.

ಹತ್ತಿಯ ಹೊಲದ ಪಾಠ

2005ರ ನಂತರ ಗುಜರಾತ್, ಪಂಜಾಬ್, ಹರಿಯಾಣ ಮೊದಲಾದ ಕಡೆ ಹತ್ತಿಗೆ ಹಿಟ್ಟು ತಿಗಣೆ ಮುತ್ತಿತು. ಮೈಮೇಲೆ ಮೇಣದ ಪುಡಿ ಇರುವುದರಿಂದ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಆಗ ಹೊಲಗಳಲ್ಲಿಯೇ ಒಂದು ಕರಿಯ ಕಣಜ ತಿಗಣೆಗಳನ್ನು ಕೊಲ್ಲುತ್ತಿರುವುದು ಕಂಡಿತು. 2009ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಎಂ. ಹಯಾತ್ ಅವರು ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ ಈನಾಸಿಯಸ್ ಬಂಬಾವಲೆಯಿ ಎಂದು ಹೆಸರಿಟ್ಟರು. ಹೆಣ್ಣು ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದ ತಿನ್ನುತ್ತ ಬಂದಂತೆ ತಿಗಣೆ ಉಬ್ಬಿ, ಗಟ್ಟಿಯಾಗಿ, ಕೆಂಗಂದು ಬಣ್ಣದ ಕಾಳಿನಂತಾಗುತ್ತದೆ.

2014ರಲ್ಲಿ ಮತ್ತೊಂದು ವಿಷಯ ತಿಳಿಯಿತು. ಈ ಕಣಜವೂ 1915ರಲ್ಲಿ ಗಿರಾಲ್ಟ್ ಎಂಬುವರು ವರ್ಣಿಸಿದ್ದ ಅರಿಜೊನೆನ್ಸಿಸ್ ಎಂಬ ಪ್ರಭೇದವೂ ಒಂದೇ ಎಂದು ಗೊತ್ತಾಗಿ, ಹಳೆಯ ಹೆಸರೇ ಊರ್ಜಿತವಾಯಿತು. ಹಾಗಾದರೆ ಹಯಾತ್ ಅವರ ಕೆಲಸ ವ್ಯರ್ಥವಾಯಿತೆ? ಖಂಡಿತ ಇಲ್ಲ. ಸರಿಯಾದ ವರ್ಣನೆ ಇದ್ದುದರಿಂದಲೇ ಹಳೆಯದರೊಡನೆ ಹೋಲಿಸಿ ನೋಡಲು ಸಾಧ್ಯವಾಯಿತು. ಹತ್ತಿಯ ಈ ತಿಗಣೆಯನ್ನು 1898ರಲ್ಲಿ ಮೊದಲು ವರ್ಣಿಸಿದ್ದು ಅಮೆರಿಕದಲ್ಲಿ. ಅದರ ಕಣಜವೂ ಅಲ್ಲಿಯದೇ. ಶತ್ರು ಬಂದ ದಾರಿಯಲ್ಲಿಯೇ ಮಿತ್ರನೂ ಬಂದನೆಂದು ಊಹಿಸಲು ಹೆಸರಿನ ಈ ತಿದ್ದುಪಡಿಯೇ ಆಧಾರ.

ಮಾಡಬೇಕಾದುದೇನು?

ಕಿತ್ತೂರಿನ ಮಳೆ ಹೆಚ್ಚಿನ ಭಾಗದಿಂದ ಬೈಲಹೊಂಗಲ, ಸವದತ್ತಿಯ ಎರೆ ಭೂಮಿ, ಮಲಪ್ರಭೆಯ ನೀರಾವರಿ ಹೊಲಗಳನ್ನು ದಾಟಿ ರಾಮದುರ್ಗದ ಒಣಪ್ರದೇಶದವರೆಗೆ ಮಣ್ಣು, ಮಳೆ, ಬೆಳೆ ಎಲ್ಲವೂ ಬದಲಾಗುತ್ತವೆ. ಇಲ್ಲಿನ ಕಣಜಗಳನ್ನು ತಾಲೂಕುವಾರು ಸಂಗ್ರಹಿಸುವುದು ಕೃಷಿ ವಿಶ್ವವಿದ್ಯಾಲಯದ ನಿತ್ಯದ ಕೆಲಸವಾಗಬೇಕೆಂಬುದು ನಮ್ಮ ಅಭಿಪ್ರಾಯ. ಔಷಧಿ ಪರೀಕ್ಷೆಯ ಪ್ರಬಂಧ ಒಂದೆರಡು ಹಂಗಾಮಿನಲ್ಲಿ ಮುಗಿಯುತ್ತದೆ. ಕಣಜವನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಮೀಸೆಯ ಗಂಟು, ರೆಕ್ಕೆಯ ರೋಮ ಎಣಿಸಿ, ಹಿಂದಿನ ಮಾದರಿಗಳೊಡನೆ ಹೋಲಿಸಿ, ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿ ಇರಿಸಿ ಪ್ರಕಟಿಸುವುದಕ್ಕೆ ವರ್ಷಗಳೇ ಬೇಕು. ಈ ತಾಳ್ಮೆಯ ಕೆಲಸಕ್ಕೆ ಬರುವ ವಿದ್ಯಾರ್ಥಿಗೆ ವಿದ್ಯಾರ್ಥಿವೇತನವನ್ನೂ ಮುಂದೆ ಹುದ್ದೆಯನ್ನೂ ಕಲ್ಪಿಸದಿದ್ದರೆ, ನಾಳೆ ಹೊಸ ಪೀಡೆ ಬಂದಾಗ ಕೇಳಲು ಯಾರೂ ಉಳಿಯುವುದಿಲ್ಲ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಫಾಲ್ ಸೈನಿಕ ಹುಳು ಎಷ್ಟು ಬೇಗ ಗೋವಿನಜೋಳದ ಹೊಲಗಳಿಗೆ ಹಬ್ಬಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ರೈತ ಬಾಂಧವರ ಪಾಲೂ ಇದರಲ್ಲಿದೆ. ಎಣ್ಣೆ ಹೊಡೆಯುವ ಮೊದಲು ಎಲೆಯನ್ನು ತಿರುವಿ ನೋಡಿರಿ. ಕಪ್ಪಾದ ಮೊಟ್ಟೆ, ಗಟ್ಟಿಯಾದ ಕೆಂಗಂದು ತಿಗಣೆ, ದುಂಡನೆಯ ರಂಧ್ರವಿರುವ ಒಣ ಹೇನು ಕಂಡರೆ ಅಲ್ಲಿ ಕಣಜ ಕೆಲಸ ಮಾಡಿದೆ ಎಂದು ತಿಳಿಯಿರಿ. ಅಂಥವು ಹೆಚ್ಚಾಗಿದ್ದರೆ ಸಿಂಪರಣೆಯನ್ನು ತಡೆದು ತಜ್ಞರ ಸಲಹೆ ಪಡೆಯಿರಿ. ಹತ್ತಿಯ ಹಿಟ್ಟು ತಿಗಣೆ ಬದುವಿನ ಕಾಂಗ್ರೆಸ್ ಕಸದ ಮೇಲೂ ಬದುಕುತ್ತದೆ. ಆದ್ದರಿಂದ ಅಲ್ಲಿಯೂ ನೋಡಿರಿ. ಅಂಥ ಎಲೆಗಳನ್ನು ಬಾಟಲಿಯಲ್ಲಿ ಹಾಕಿ, ಬಾಯಿಗೆ ತೆಳುವಾದ ದಟ್ಟ ಬಟ್ಟೆ ಕಟ್ಟಿ, ನೆರಳಿನಲ್ಲಿ ಇಡಿರಿ. ಊರು, ಬೆಳೆ, ದಿನಾಂಕ, ಎಣ್ಣೆ ಹೊಡೆದಿದ್ದರೆ ಅದರ ಹೆಸರು, ಇಷ್ಟನ್ನು ಚೀಟಿಯಲ್ಲಿ ಬರೆದು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ತಲುಪಿಸಿರಿ. ಆ ಚೀಟಿ ಇಲ್ಲದ ಕಣಜ ವಿಜ್ಞಾನಿಗೆ ಅರ್ಧ ಮಾತ್ರ ಉಪಯೋಗ.

ತಂದವರಿಗೆ ಅದು ಯಾವ ಕಣಜ ಎಂಬ ಉತ್ತರವನ್ನು ಬರೆದು ಕಳುಹಿಸುವ ಪದ್ಧತಿಯನ್ನು ವಿಶ್ವವಿದ್ಯಾಲಯ ಇಟ್ಟುಕೊಳ್ಳಲಿ. ತನ್ನ ಹೊಲದ ಮಿತ್ರನ ಹೆಸರು ತಿಳಿದ ರೈತ, ಎಣ್ಣೆಯ ಡಬ್ಬಿ ತೆರೆಯುವ ಮುನ್ನ ಎರಡು ಬಾರಿ ಯೋಚಿಸುತ್ತಾನೆ.