ಜೀರ್ಣೋದ್ಧಾರದಲ್ಲಿ ಗೋರಿಗಳ ಪಾಲು

ನವೆಂಬರ್ 2ರ ಮೃತರ ಸ್ಮರಣೆಯ ದಿನ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳ ಸ್ಮಶಾನಗಳಲ್ಲಿ ಹುಲ್ಲು ಸವರುವ, ಶಿಲುಬೆಗಳಿಗೆ ಸುಣ್ಣ ಬಳಿಯುವ ಕೆಲಸ ಭರದಿಂದ ಸಾಗುತ್ತದೆ. ಉಳಿದ ತಿಂಗಳುಗಳಲ್ಲಿ ಅತ್ತ ಸುಳಿಯುವವರು ವಿರಳ. ಹಳೆಯ ಇಗರ್ಜಿ, ಪ್ರಾರ್ಥನಾಲಯಗಳ ಜೀರ್ಣೋದ್ಧಾರಕ್ಕೆ ಭಕ್ತಾದಿಗಳು ಉದಾರವಾಗಿ ದೇಣಿಗೆ ನೀಡುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಅಂದಾಜುಪಟ್ಟಿಯಲ್ಲಿ ಗೋಪುರ, ಪೀಠ, ನೆಲಹಾಸುಗಳ ಸಾಲಿನಲ್ಲಿ ಸ್ಮಶಾನವನ್ನು ಹುಡುಕಿದರೆ ಹೆಚ್ಚೆಂದರೆ ಆವರಣ ಗೋಡೆಯೊಂದು ಕಾಣಸಿಗುತ್ತದೆ. ಇದು ಅರೆ ಕೆಲಸವೆಂಬುದು ನಮ್ಮ ಅಭಿಪ್ರಾಯ.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಗೆ ಸಮೀಪ ‘ಗ್ಯಾರಿಸನ್ ಸೆಮೆಟರಿ’ ಎಂಬ ಹಳೆಯ ದಂಡಿನ ಸ್ಮಶಾನವಿದೆ. 1799ರ ಯುದ್ಧದ ಬಳಿಕ ಅಲ್ಲಿ ನೆಲೆನಿಂತ ಸೇನೆಯವರು, ಅವರ ಮಡದಿ ಮಕ್ಕಳು ಮಣ್ಣಾದ ಸ್ಥಳವದು. ಮುನ್ನೂರಕ್ಕೂ ಹೆಚ್ಚಿರುವ ಗೋರಿಗಳಲ್ಲಿ ಹಲವು, ಇಂದಿನ ಸ್ವಿಟ್ಜರ್ಲೆಂಡಿಗೆ ಸೇರಿದ ನೌಶಾಟೆಲ್‌ನ ಡಿ ಮ್ಯೂರನ್ ಎಂಬವರು 1781ರಲ್ಲಿ ಕಟ್ಟಿದ ಪಡೆಯವರದು. ಕಾಡು ಬೆಳೆದು ಹಾಳುಬಿದ್ದಿದ್ದ ಆ ಗೋರಿಗಳ ದುರಸ್ತಿಗೆ ಈ ಶತಮಾನದ ಮೊದಲ ದಶಕದಲ್ಲಿ ಮುಂದಾದವರು ಅದೇ ಮನೆತನದ ವಂಶಜರು. ಎರಡು ಶತಮಾನಗಳ ಹಿಂದೆ ಪರದೇಶದಲ್ಲಿ ಸತ್ತವರನ್ನು ಅವರು ಅರಸಿ ಬರಲು ಸಾಧ್ಯವಾದದ್ದು ಕಲ್ಲಿನ ಮೇಲೆ ಹೆಸರು ಉಳಿದಿದ್ದುದರಿಂದ.

ಅದೇ ಶ್ರೀರಂಗಪಟ್ಟಣಕ್ಕೆ 1784ರಲ್ಲಿ ಕೆನರಾದ ಕ್ರೈಸ್ತರು ಸೆರೆಯಾಳುಗಳಾಗಿ ಹೋದರು. ಎಷ್ಟು ಸಾವಿರ ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹಿಂದಿರುಗದವರು ಬಹಳ ಎಂಬುದರಲ್ಲಿ ವಿವಾದವಿಲ್ಲ. ಸೆರೆ ಕಳೆದು ಉಳಿದವರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಧರ್ಮಗುರು ಅಬ್ಬೆ ದುಬಾಯ್ ಅವರ ಹೆಸರನ್ನು ಗಂಜಾಂನ ಪುಟ್ಟ ಇಗರ್ಜಿ ಉಳಿಸಿಕೊಂಡಿದೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದ ನಮ್ಮ ಪೂರ್ವಜರಲ್ಲಿ ಬಹುಪಾಲು ಮಂದಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇಲ್ಲ. ಅದು ಅವರ ಕಾಲದ ದುರ್ದೈವ. ಹೆಸರಿರುವ ಕಲ್ಲುಗಳನ್ನು ಕಿತ್ತು ಮೆಟ್ಟಿಲಿಗೋ ಚರಂಡಿಯ ಹಾಸಿಗೋ ಬಳಸಿದರೆ ಅದನ್ನು ದುರ್ದೈವವೆನ್ನಲಾಗದು.

ಕರಾವಳಿಯ ಹಳೆಯ ಪ್ರಾರ್ಥನಾಲಯಗಳು ಮುರಕಲ್ಲಿನವು, ಸುಣ್ಣದ ಗಾರೆಯವು. ಮುರಕಲ್ಲು ಮಳೆಗಾಲದಲ್ಲಿ ನೀರು ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಬಾರದು. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಕಳಚುತ್ತದೆ, ಜೊತೆಗೆ ಕಲ್ಲಿನ ಮೈಯೂ. ಗೋರಿಗಳ ವಿಷಯದಲ್ಲಿಯೂ ಇದೇ ಮಾತು. ಅಕ್ಷರ ಕೆತ್ತಿದ ಹಾಸನ್ನು ತಂತಿಯ ಬ್ರಶ್‌ನಿಂದ ಉಜ್ಜುವುದು, ಆಸಿಡ್ ಸುರಿಯುವುದು ಶುದ್ಧೀಕರಣವಲ್ಲ, ಅಳಿಸುವಿಕೆ. ಸಂದಿಯಲ್ಲಿ ಬೇರೂರಿದ ಅಶ್ವತ್ಥದ ಸಸಿಯನ್ನು ಜಗ್ಗಿ ಕಿತ್ತರೆ ಗೋರಿಯೇ ಬಾಯ್ಬಿಡುತ್ತದೆ. ಅದನ್ನು ಕಡಿದು, ಬೇರು ಸತ್ತ ಮೇಲೆ ಸಂದಿಯನ್ನು ಸುಣ್ಣದಿಂದ ಮುಚ್ಚಬೇಕು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಸಹೋದರ ಮೊಸ್ಕೆನಿ ರಚಿಸಿದ ಭಿತ್ತಿಚಿತ್ರಗಳನ್ನು ರಕ್ಷಿಸಲು 1990ರ ದಶಕದ ಆರಂಭದಲ್ಲಿ ತಜ್ಞರನ್ನೇ ಕರೆಸಲಾಯಿತು. ಗೋರಿಗಳಿಗೆ ಮಾತ್ರ ಗುತ್ತಿಗೆದಾರನ ವಿವೇಚನೆಯೇ ಸಾಕೆ?

ಸ್ಥಳದ ಅಭಾವವೆಂಬ ಆಕ್ಷೇಪವನ್ನು ನಾವು ಬಲ್ಲೆವು. ಅನೇಕ ಧರ್ಮಕೇಂದ್ರಗಳಲ್ಲಿ ಕೆಲವು ವರ್ಷಗಳ ನಂತರ ಅದೇ ಗುಂಡಿಯನ್ನು ಮತ್ತೊಬ್ಬರಿಗಾಗಿ ತೆರೆಯದೆ ಗತ್ಯಂತರವಿಲ್ಲ. ಇದಕ್ಕೆ ನಮ್ಮ ವಿರೋಧವಿಲ್ಲ. ಬಡವರ ಗೋರಿ ಬೇಗ ತೆರೆಯಲ್ಪಡುತ್ತದೆ, ಹಣವಂತರದು ಅಮೃತಶಿಲೆಯಡಿ ಶಾಶ್ವತವಾಗಿ ಉಳಿಯುತ್ತದೆ ಎಂಬುದಷ್ಟೇ ನಮ್ಮನ್ನು ಕಾಡುವ ವಿಚಾರ. ಎಲುಬುಗಳನ್ನು ಸ್ಥಳಾಂತರಿಸಬೇಕಾದರೂ ಹೆಸರನ್ನು ಸ್ಥಳಾಂತರಿಸಬೇಕಾಗಿಲ್ಲ. ಸ್ಮಶಾನದ ಗೋಡೆಯಲ್ಲಿ ಅದಕ್ಕೆ ಜಾಗವಿದೆ.

ಆದ್ದರಿಂದ ಕೆಲಸಗಾರರು ಹಾರೆ ಹಿಡಿಯುವ ಮೊದಲು ಪ್ರತಿ ಗೋರಿಗೂ ಒಂದು ಸಂಖ್ಯೆ ನೀಡಿ, ನಕ್ಷೆ ಬರೆದು, ಛಾಯಾಚಿತ್ರ ತೆಗೆದು, ಕಲ್ಲಿನ ಮೇಲಿರುವುದನ್ನು ಕೊಂಕಣಿಯಾಗಲಿ, ಲ್ಯಾಟಿನ್ ಆಗಲಿ ಇದ್ದಂತೆಯೇ ನಕಲು ಮಾಡಿ, ಇಗರ್ಜಿಯ ಮರಣ ದಾಖಲೆ ಪುಸ್ತಕದೊಡನೆ ತಾಳೆ ನೋಡಬೇಕು. ಯುವಜನರ ಸಂಘಕ್ಕೆ ಇದು ಕೆಲವು ಭಾನುವಾರಗಳ ಕೆಲಸ. ಅಕ್ಷರ ಮಾಸಿದ ಗೋರಿಗಳ ಬಗ್ಗೆ ವಾಳೆಯ ಗುರಿಕಾರರನ್ನು, ಹಿರಿಯ ಅಜ್ಜಿಯಂದಿರನ್ನು ವಿಚಾರಿಸಬೇಕು. ಅದೂ ಈ ತಿಂಗಳಲ್ಲಿಯೇ, ಅವರೆಲ್ಲರೂ ಹೂ ಮೇಣದಬತ್ತಿಗಳೊಂದಿಗೆ ಅಲ್ಲಿಗೆ ಬಂದಾಗ. ಸುಣ್ಣದ ಗಾರೆಯ ಕೆಲಸಕ್ಕೆ ಡಿಸೆಂಬರಿನ ನಂತರ ಸಾಕಷ್ಟು ಒಣ ದಿನಗಳಿವೆ.